ಚಿಟಿಕೆ ಅರಿಶಿನ, ಹಿಡಿ ಮೆಂತ್ಯ: ಕೊಲೆಸ್ಟ್ರಾಲ್ ಬೆನ್ನು ಹತ್ತಿದವರ ಕಥೆ

ನಿಮ್ಮ ಫೋನಿಗೂ ಈ ಮೆಸೇಜ್ ಬಂದಿರುತ್ತದೆ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ವಿನೆಗರ್ ಒಂದೊಂದು ಬಟ್ಟಲು ತೆಗೆದುಕೊಳ್ಳಿ. ಸಣ್ಣ ಉರಿಯಲ್ಲಿ ಕುದಿಸಿ. ಆರಿದ ಮೇಲೆ ಜೇನುತುಪ್ಪ ಬೆರೆಸಿ ಬಾಟಲಿಗೆ ತುಂಬಿ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ. ಹೃದಯದ ಬ್ಲಾಕ್ ಎಲ್ಲ ಕರಗಿ ಹೋಗುತ್ತದೆ, ಆಪರೇಷನ್ ಬೇಡ, ಮಾತ್ರೆ ಬೇಡ. ಕೊನೆಗೆ, ಹತ್ತು ಜನಕ್ಕೆ ಕಳುಹಿಸಿ ಪುಣ್ಯ ಕಟ್ಟಿಕೊಳ್ಳಿ ಅಂತ ಒಂದು ಸಾಲು.

ನಮ್ಮ ಬಳಗದಲ್ಲಿ ಒಬ್ಬರ ತಂದೆ ಇದನ್ನು ನಂಬಿದರು. ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾಗಿತ್ತು. ದಿನಾ ರಾತ್ರಿ ಒಂದು ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದರು. ಮೆಸೇಜ್ ನೋಡಿದ ಮೇಲೆ, ಮನೆಯಲ್ಲೇ ಔಷಧಿ ಇರುವಾಗ ಇದೆಲ್ಲ ಯಾಕೆ ಅಂತ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು, ಬಾಟಲಿ ಹಿಡಿದರು. ಮೂರು ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಕೆಟ್ಟ ಕೊಲೆಸ್ಟ್ರಾಲ್ ಮೊದಲಿನ ಎರಡು ಪಟ್ಟಾಗಿತ್ತು. ಡಾಕ್ಟರು ಬೈದರು, ಮನೆಯವರು ಅತ್ತರು. ಅವರು ಮಾತ್ರ ಒಂದೇ ಮಾತು ಕೇಳಿದರು: "ಹಾಗಾದರೆ ಬೆಳ್ಳುಳ್ಳಿ, ಮೆಂತ್ಯ, ಅರಿಶಿನ ಅಂತ ಹಿರಿಯರು ಹೇಳಿದ್ದೆಲ್ಲ ಸುಳ್ಳೇನು?"

ಈ ಪ್ರಶ್ನೆಗೆ ಹೌದು ಅಂದರೂ ತಪ್ಪಾಗುತ್ತದೆ, ಅಲ್ಲ ಅಂದರೂ ತಪ್ಪಾಗುತ್ತದೆ. ಉತ್ತರ ಹುಡುಕುತ್ತಾ ಹೋದ ನಮಗೆ ನೂರು ವರ್ಷಕ್ಕೂ ಮೀರಿದ ಒಂದು ಕಥೆ ಸಿಕ್ಕಿತು. ಅದರಲ್ಲಿ ರಷ್ಯಾದ ಮೊಲಗಳಿವೆ, ಮೈಸೂರಿನ ಇಲಿಗಳಿವೆ, ಜಪಾನಿನ ಕೋಳಿಗಳಿವೆ. ಕೊನೆಗೆ ನಮ್ಮ ಹಿತ್ತಲಿನ ಬೆಂಡೆಕಾಯಿಯೂ ಇದೆ.

ಪಿತ್ತದ ಕಲ್ಲಿನಿಂದ ಶುರು

ಕೊಲೆಸ್ಟ್ರಾಲ್ ಅನ್ನುವುದು ಮೊದಲು ಸಿಕ್ಕಿದ್ದು ರಕ್ತದಲ್ಲಿ ಅಲ್ಲ, ಪಿತ್ತಕೋಶದ ಕಲ್ಲಿನಲ್ಲಿ. 1815ರ ಸುಮಾರಿಗೆ ಫ್ರಾನ್ಸಿನ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ ಆ ಕಲ್ಲಿನಲ್ಲಿದ್ದ ಮೇಣದಂಥ ಬಿಳಿ ವಸ್ತುವಿಗೆ ಹೆಸರಿಟ್ಟರು. ಗ್ರೀಕ್ ಭಾಷೆಯ ಪಿತ್ತ ಮತ್ತು ಗಟ್ಟಿ ಎಂಬ ಎರಡು ಪದ ಸೇರಿ ಆ ಹೆಸರಾಯಿತು. ಮುಂದೆ ನೂರು ವರ್ಷ ಅದಕ್ಕೂ ಹೃದಯಕ್ಕೂ ಏನು ಸಂಬಂಧ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

1908ರಲ್ಲಿ ರಷ್ಯಾದ ಇಗ್ನಟೋವ್ಸ್ಕಿ ಎಂಬ ವೈದ್ಯರು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿ ನೋಡಿದರು. ಮೊಲಗಳ ರಕ್ತನಾಳ ಕೆಟ್ಟವು. ಪ್ರೋಟೀನ್ ಹೆಚ್ಚಾಗಿ ಹೀಗಾಯಿತು ಅಂತ ಅವರು ತಿಳಿದರು. ಅದು ತಪ್ಪು ಲೆಕ್ಕ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಮತ್ತು ಅವರ ಜೊತೆಗಾರ ಚಲಾಟೊವ್ 1913ರಲ್ಲಿ ಶುದ್ಧ ಕೊಲೆಸ್ಟ್ರಾಲನ್ನೇ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಟ್ಟರು. ಬರೀ ಎಣ್ಣೆ ತಿಂದ ಮೊಲಗಳು ಚೆನ್ನಾಗಿದ್ದವು. ಕೊಲೆಸ್ಟ್ರಾಲ್ ತಿಂದ ಮೊಲಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿತ್ತು.

ಆದರೆ ಇದೇ ಪ್ರಯೋಗವನ್ನು ಇಲಿಗಳ ಮೇಲೆ, ನಾಯಿಗಳ ಮೇಲೆ ಮಾಡಿದಾಗ ಹಾಗೆ ಆಗಲಿಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದರ ಮೈಗೆ ಕೊಲೆಸ್ಟ್ರಾಲ್ ಹೊಸದು ಅಂತ ಹಲವರು ಈ ಸಂಶೋಧನೆಯನ್ನು ಪಕ್ಕಕ್ಕಿಟ್ಟರು. ಒಂದು ಪ್ರಾಣಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣಲೇಬೇಕು ಅಂತಿಲ್ಲ. ಈ ಮಾತನ್ನು ನೆನಪಿಡಿ, ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಮನುಷ್ಯರ ವಿಚಾರ ಖಚಿತವಾಗಲು ಮನುಷ್ಯರನ್ನೇ ನೋಡಬೇಕಾಯಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರ ಆರೋಗ್ಯವನ್ನು ವರ್ಷಾನುಗಟ್ಟಲೆ ದಾಖಲು ಮಾಡುತ್ತಾ ಬಂದರು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು ಅಲ್ಲಿ ಗಟ್ಟಿಯಾಯಿತು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕೊಲೆಸ್ಟ್ರಾಲ್ ವಿಷವಲ್ಲ. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಅದು ಬೇಕು. ಬೇಕಾದಷ್ಟನ್ನು ಮೈಯೇ ತಯಾರಿಸಿಕೊಳ್ಳುತ್ತದೆ, ಮುಖ್ಯವಾಗಿ ಯಕೃತ್ತಿನಲ್ಲಿ. ಅದನ್ನು ಹೊತ್ತು ರಕ್ತದಲ್ಲಿ ಓಡಾಡುವ ಗಾಡಿಗಳಲ್ಲಿ ಒಂದರ ಹೆಸರು ಎಲ್‌ಡಿಎಲ್. ಈ ಗಾಡಿಗಳು ಹೆಚ್ಚಾದರೆ ಸರಕನ್ನು ರಕ್ತನಾಳದ ಗೋಡೆಯಲ್ಲಿ ಇಳಿಸಿಬಿಡುತ್ತವೆ. ಅದಕ್ಕೇ ಇದನ್ನು ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು.

ಹಳೆಯ ಗ್ರಂಥ, ಹೊಸ ಪ್ರಯೋಗಾಲಯ

ಭಾರತದಲ್ಲಿ ಈ ಹುಡುಕಾಟ ಜೋರಾದದ್ದು 1960ರ ದಶಕದಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಎಂಬ ಸಂಶೋಧಕಿ ಸುಶ್ರುತ ಸಂಹಿತೆಯನ್ನು ಓದುತ್ತಿದ್ದರು. ಮೇದೋರೋಗ, ಅಂದರೆ ಮೈಯಲ್ಲಿ ಕೊಬ್ಬು ಸೇರಿ ಬರುವ ರೋಗದ ವರ್ಣನೆ ಅದರಲ್ಲಿದೆ. ಅದಕ್ಕೆ ಹೇಳಿದ ಔಷಧಿಗಳಲ್ಲಿ ಗುಗ್ಗುಳವೂ ಒಂದು. ಗುಗ್ಗುಳ ಗೊತ್ತಲ್ಲ, ಒಣ ಪ್ರದೇಶದ ಮುಳ್ಳುಗಿಡದಿಂದ ಒಸರುವ ಅಂಟು, ನಾವು ಧೂಪಕ್ಕೆ ಹಾಕುವುದು.

ಗ್ರಂಥದಲ್ಲಿ ಇದೆ ಅಂತ ಅವರು ಹಾಗೇ ಒಪ್ಪಲಿಲ್ಲ, ಹಳೆಯದು ಅಂತ ತಳ್ಳಿಹಾಕಲೂ ಇಲ್ಲ. ಮೊಲಗಳಿಗೆ ಕೊಬ್ಬು ತಿನ್ನಿಸಿ, ಗುಗ್ಗುಳ ಕೊಟ್ಟು, ಅಳೆದು ನೋಡಿದರು. ಕೊಲೆಸ್ಟ್ರಾಲ್ ಇಳಿದಿತ್ತು. 1966ರಲ್ಲಿ ಅವರ ಪ್ರಬಂಧ ಹೊರಬಂತು. ಮುಂದೆ ಇದೇ ಸತ್ಯವತಿಯವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿತು. 1986ರಲ್ಲಿ ಗುಗ್ಗುಳದ ಸಾರ ಕೊಲೆಸ್ಟ್ರಾಲ್ ಔಷಧಿಯಾಗಿ ಭಾರತದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ಈ ಕಥೆಯ ಎರಡನೇ ಭಾಗವನ್ನು ಆಮೇಲೆ ಹೇಳುತ್ತೇವೆ.

ಮೈಸೂರಿನ ಅರಿಶಿನ

ಅದೇ ಕಾಲಕ್ಕೆ ನಮ್ಮ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅಲ್ಲಿನವರು ನಮ್ಮ ಮಸಾಲೆ ಡಬ್ಬಿಯ ಒಂದೊಂದೇ ಪದಾರ್ಥವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು.

1970ರಲ್ಲಿ ಪ್ರಕಟವಾದ ಅವರ ಒಂದು ವರದಿ ಅರಿಶಿನದ ಹಳದಿ ಬಣ್ಣದ ಅಂಶವಾದ ಕರ್ಕ್ಯುಮಿನ್ ಬಗ್ಗೆ. ಇಲಿಗಳ ಮೇವಿಗೆ ಕೊಲೆಸ್ಟ್ರಾಲ್ ಬೆರೆಸಿದರು. ಕೆಲವಕ್ಕೆ ಅದರ ಜೊತೆ ಕರ್ಕ್ಯುಮಿನ್ ಕೂಡ ಕೊಟ್ಟರು. ಕರ್ಕ್ಯುಮಿನ್ ತಿಂದ ಇಲಿಗಳ ರಕ್ತದಲ್ಲೂ ಯಕೃತ್ತಿನಲ್ಲೂ ಕೊಲೆಸ್ಟ್ರಾಲ್ ಉಳಿದವಕ್ಕಿಂತ ಅರ್ಧಕ್ಕೆ, ಕೆಲವು ಕಡೆ ಮೂರನೇ ಒಂದಕ್ಕೆ ಇಳಿದಿತ್ತು. 1980ರಲ್ಲಿ ಒಣಮೆಣಸಿನಕಾಯಿಯ ಬಗ್ಗೆಯೂ ಅಲ್ಲಿಂದ ವರದಿ ಬಂತು. ಖಾರದ ಅಂಶವೂ ಇಲಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ.

ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೂ ಅವರು ಸುಳಿವು ಕೊಟ್ಟರು. ಅರಿಶಿನ ತಿಂದ ಇಲಿಗಳ ಹಿಕ್ಕೆಯಲ್ಲಿ ಪಿತ್ತಾಮ್ಲ ಹೆಚ್ಚು ಹೋಗುತ್ತಿತ್ತು. ಪಿತ್ತಾಮ್ಲವನ್ನು ಯಕೃತ್ತು ತಯಾರಿಸುವುದು ಕೊಲೆಸ್ಟ್ರಾಲ್‌ನಿಂದಲೇ. ಊಟ ಮಾಡಿದಾಗ ಅದು ಕರುಳಿಗೆ ಇಳಿದು ಕೊಬ್ಬು ಅರಗಿಸುತ್ತದೆ. ಕೆಲಸ ಮುಗಿದ ಮೇಲೆ ಬಹುಪಾಲು ಮತ್ತೆ ಯಕೃತ್ತಿಗೆ ವಾಪಸ್. ಒಂದೇ ನೀರನ್ನು ಮತ್ತೆ ಮತ್ತೆ ಎತ್ತಿ ಹಾಯಿಸಿದ ಹಾಗೆ. ಯಾವುದಾದರೂ ಪದಾರ್ಥ ಈ ಪಿತ್ತಾಮ್ಲವನ್ನು ಹಿಡಿದು ಮಲದ ಜೊತೆ ಹೊರಗೆ ಹಾಕಿದರೆ, ಯಕೃತ್ತು ಹೊಸದಾಗಿ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಕಡಿಮೆಯಾಗುತ್ತದೆ.

ಅಂದರೆ ಹಿರಿಯರು ಹೇಳಿದ್ದು ಸುಳ್ಳಲ್ಲ ಅಂತಾಯಿತಲ್ಲ? ಸ್ವಲ್ಪ ತಾಳಿ, ಪ್ರಮಾಣದ ಲೆಕ್ಕ ಹಾಕೋಣ. ಆ ಇಲಿಗಳಿಗೆ ಕೊಟ್ಟ ಕರ್ಕ್ಯುಮಿನ್ ಒಂದು ಕೆಜಿ ಮೇವಿಗೆ ಒಂದು ಗ್ರಾಂ. ನೂರು ಗ್ರಾಂ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಮೂರು ಗ್ರಾಂ ಆಸುಪಾಸು. ಹಾಗಾದರೆ ಒಂದು ಕೆಜಿ ಆಹಾರಕ್ಕೆ ಮೂವತ್ತು ಗ್ರಾಂಗೂ ಹೆಚ್ಚು ಅರಿಶಿನ ಬೇಕು, ಅಂದರೆ ಸುಮಾರು ಹತ್ತು ಟೀ ಚಮಚ. ನಮ್ಮ ಸಾರಿಗೆ ಬೀಳುವುದು ಒಂದು ಚಿಟಿಕೆ, ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ಮೈಸೂರಿನವರು ಇಲಿಯ ಬಗ್ಗೆ ಬರೆದದ್ದು ನಿಜ. ಅದನ್ನು ನೇರವಾಗಿ ಮನುಷ್ಯನಿಗೆ ಅಂಟಿಸಿದ್ದು ಆಮೇಲೆ ಬಂದ ಜಾಹೀರಾತು ಮತ್ತು ಮೆಸೇಜುಗಳು.

ಬೆಳ್ಳುಳ್ಳಿಯ ಏರಿಳಿತ

ಬೆಳ್ಳುಳ್ಳಿಯ ಕಥೆ ಇನ್ನೂ ಪಾಠ ಕಲಿಸುವಂಥದ್ದು. 1973ರಲ್ಲಿ ರಾಜಸ್ಥಾನದ ಉದಯಪುರದ ವೈದ್ಯ ಅರುಣ್ ಬೋರ್ಡಿಯಾ ಮತ್ತು ಅವರ ಸಹೋದ್ಯೋಗಿ ಬೆಳ್ಳುಳ್ಳಿ ಎಣ್ಣೆಯ ಬಗ್ಗೆ ಬರೆದದ್ದು ಲಂಡನ್ನಿನ ದೊಡ್ಡ ವೈದ್ಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ಇದು ತಡೆಯಬಹುದು ಅಂತ ಜಗತ್ತಿನ ಗಮನ ಇತ್ತ ತಿರುಗಿತು.

1979ರಲ್ಲಿ ಪುಣೆಯ ಸಂಶೋಧಕರು ಒಂದು ಜಾಣ ದಾರಿ ಹುಡುಕಿದರು. ಜೈನ ಸಮುದಾಯದಲ್ಲಿ ಕೆಲವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದೇ ಇಲ್ಲ, ಕೆಲವರು ಸ್ವಲ್ಪ ತಿನ್ನುತ್ತಾರೆ, ಕೆಲವರು ಚೆನ್ನಾಗಿಯೇ ತಿನ್ನುತ್ತಾರೆ. ಉಳಿದ ಊಟ ಹೆಚ್ಚುಕಡಿಮೆ ಒಂದೇ. ಅವರ ರಕ್ತ ಹೋಲಿಸಿ ನೋಡಿದಾಗ ಈರುಳ್ಳಿ ಬೆಳ್ಳುಳ್ಳಿ ಚೆನ್ನಾಗಿ ತಿನ್ನುವವರಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಮುಟ್ಟದವರಲ್ಲಿ ಹೆಚ್ಚು ಕಂಡಿತು. ಇದು ಇಲಿಯಲ್ಲ, ಮನುಷ್ಯರೇ. ಆದರೂ ಒಂದು ಸಂಶಯ ಉಳಿಯುತ್ತದೆ. ಬೆಳ್ಳುಳ್ಳಿ ತಿನ್ನುವವರು ಬೇರೆ ವಿಷಯದಲ್ಲೂ ಬೇರೆಯಾಗಿರಬಹುದು. ತುಪ್ಪ ಎಷ್ಟು, ನಡಿಗೆ ಎಷ್ಟು, ದುಡಿಮೆ ಎಷ್ಟು ಅನ್ನುವುದು ಇಂಥ ಹೋಲಿಕೆಯಲ್ಲಿ ಪೂರ್ತಿ ಬೇರ್ಪಡುವುದಿಲ್ಲ.

ಆ ಸಂಶಯ ತೀರಿಸಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಗಟ್ಟಿ ಪರೀಕ್ಷೆ ಮಾಡಿದರು. ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚಿದ್ದ 192 ಜನರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿ, ಎರಡು ಗುಂಪಿಗೆ ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ, ಇನ್ನೊಂದಕ್ಕೆ ಬೆಳ್ಳುಳ್ಳಿಯೇ ಇಲ್ಲದ ಉತ್ತುತ್ತು ಮಾತ್ರೆ. ಹಸಿ ಬೆಳ್ಳುಳ್ಳಿಯನ್ನು ಸ್ಯಾಂಡ್‌ವಿಚ್‌ನಲ್ಲಿಟ್ಟು ವಾರಕ್ಕೆ ಆರು ದಿನ, ಆರು ತಿಂಗಳು ಕೊಟ್ಟರು. ದಿನಕ್ಕೆ ಒಂದು ಎಸಳಿನಷ್ಟು. 2007ರಲ್ಲಿ ಫಲಿತಾಂಶ ಬಂತು. ಯಾವ ಗುಂಪಿನಲ್ಲೂ ಎಲ್‌ಡಿಎಲ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ಹೈದರಾಬಾದಿನ ಮೆಂತ್ಯ

ಮೆಂತ್ಯದ ಕಥೆ ಹಾಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಆರ್.ಡಿ. ಶರ್ಮಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಮೆಂತ್ಯದ ಕಾಳನ್ನು ಮನುಷ್ಯರಿಗೇ ಕೊಟ್ಟು ನೋಡಿದರು. 1990ರಲ್ಲಿ ಬಂದ ಅವರ ವರದಿಯಲ್ಲಿ, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಎಣ್ಣೆ ಅಂಶ ತೆಗೆದ ಮೆಂತ್ಯದ ಪುಡಿಯನ್ನು ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಬೆರೆಸಿ ಹತ್ತು ದಿನ ಕೊಟ್ಟಿದ್ದರು. ರಕ್ತದ ಸಕ್ಕರೆಯೂ ಇಳಿಯಿತು, ಕೆಟ್ಟ ಕೊಲೆಸ್ಟ್ರಾಲೂ ಇಳಿಯಿತು. ಒಳ್ಳೆಯ ಕೊಲೆಸ್ಟ್ರಾಲ್ ಇದ್ದ ಹಾಗೇ ಇತ್ತು.

ಎಷ್ಟು ಕೊಟ್ಟಿದ್ದರು ಗೊತ್ತೇ? ದಿನಕ್ಕೆ 100 ಗ್ರಾಂ. ಉಪ್ಪಿನಕಾಯಿಗೆ ಹಾಕುವ ಅರ್ಧ ಚಮಚವಲ್ಲ, ರಾತ್ರಿ ನೆನೆಸಿಟ್ಟು ನುಂಗುವ ಹತ್ತು ಕಾಳೂ ಅಲ್ಲ. ಅಷ್ಟು ಮೆಂತ್ಯವನ್ನು ದಿನಾ ತಿನ್ನಲು ಯಾರಿಂದಲೂ ಆಗದು, ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಆದರೆ ಆ ಪ್ರಯೋಗ ಒಂದು ಗುಟ್ಟು ಬಿಟ್ಟುಕೊಟ್ಟಿತು. ನೆನೆಸಿದ ಮೆಂತ್ಯ ಲೋಳೆಯಾಗುತ್ತದಲ್ಲ, ಕೆಲಸ ಮಾಡುವುದರಲ್ಲಿ ದೊಡ್ಡ ಪಾಲು ಆ ಲೋಳೆಯದ್ದು. ಅದು ನೀರಿನಲ್ಲಿ ಕರಗುವ ನಾರು. ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಗೆ ಹಾಕುವುದು ಇಂಥ ನಾರೇ.

ಅಂದಮೇಲೆ ಲೋಳೆಯ ನಾರು ಇರುವ ಬೇರೆ ಪದಾರ್ಥವೂ ಕೆಲಸ ಮಾಡಬೇಕು. ಮಾಡುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಓಟ್ಸ್‌ಗೆ, 1998ರಲ್ಲಿ ಇಸಬ್‌ಗೋಲ್‌ಗೆ ಹೃದಯಕ್ಕೆ ಒಳ್ಳೆಯದು ಅಂತ ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಅಲ್ಲೂ ಪ್ರಮಾಣ ಹೇಳಿದೆ. ಓಟ್ಸ್‌ನ ನಾರು ದಿನಕ್ಕೆ 3 ಗ್ರಾಂ, ಇಸಬ್‌ಗೋಲ್‌ನ ನಾರು 7 ಗ್ರಾಂ. ಈ ಇಸಬ್‌ಗೋಲ್ ಹೆಚ್ಚಾಗಿ ಬೆಳೆಯುವುದು ನಮ್ಮದೇ ಗುಜರಾತ್, ರಾಜಸ್ಥಾನದ ಹೊಲಗಳಲ್ಲಿ.

ಗುಗ್ಗುಳದ ಎರಡನೇ ಭಾಗ

ಈಗ ಗುಗ್ಗುಳಕ್ಕೆ ವಾಪಸ್ ಬರೋಣ. ಭಾರತದಲ್ಲಿ ಅನುಮತಿ ಸಿಕ್ಕ ಮೇಲೆ ಅದು ಅಮೆರಿಕದ ಅಂಗಡಿಗಳಿಗೂ ಹೋಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 103 ಜನರ ಮೇಲೆ ಎಂಟು ವಾರ ಪರೀಕ್ಷೆ ಮಾಡಿದರು. 2003ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಗುಗ್ಗುಳ ತೆಗೆದುಕೊಂಡವರಲ್ಲಿ ಎಲ್‌ಡಿಎಲ್ ಇಳಿಯುವ ಬದಲು ನೂರಕ್ಕೆ ನಾಲ್ಕೈದರಷ್ಟು ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಕೂಡ ಎದ್ದಿತ್ತು.

ಇದರಿಂದ ಸತ್ಯವತಿಯವರ ಕೆಲಸ ಸಣ್ಣದಾಗುವುದಿಲ್ಲ. ಅಳೆದು ನೋಡಬೇಕು ಅಂತ ಶುರು ಮಾಡಿದವರೇ ಅವರು. ಅವರು ಹಾಕಿಕೊಟ್ಟ ದಾರಿಯಲ್ಲೇ ಮುಂದಿನವರು ಇನ್ನಷ್ಟು ಅಳೆದರು, ಉತ್ತರ ಬೇರೆ ಬಂತು. ವಿಜ್ಞಾನ ನಡೆಯುವುದೇ ಹಾಗೆ.

ಇದರಲ್ಲಿ ನಿಜವಾಗಿ ನೊಂದದ್ದು ಆ ಗಿಡ. ಹೆಚ್ಚು ಅಂಟು ಬರಲೆಂದು ಮನಬಂದಂತೆ ಕಚ್ಚು ಹಾಕಿ, ಗುಜರಾತ್ ಮತ್ತು ರಾಜಸ್ಥಾನದ ಕಾಡುಗಳಲ್ಲಿ ಗುಗ್ಗುಳದ ಗಿಡಗಳು ಒಣಗಿದವು. ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಇವತ್ತು ಅದು ಅತ್ಯಂತ ಅಪಾಯದ ಸಾಲಿನಲ್ಲಿದೆ.

ಅಕ್ಕಿಯ ಬೂಷ್ಟಿನಿಂದ ಬಂದ ಮಾತ್ರೆ

ನಮ್ಮ ಗೆಳೆಯರ ತಂದೆ ಬಿಟ್ಟರಲ್ಲ, ಆ ಮಾತ್ರೆಯ ಜಾತಿಗೆ ಸ್ಟ್ಯಾಟಿನ್ ಅನ್ನುತ್ತಾರೆ. ಅದು ಎಲ್ಲಿಂದ ಬಂತು ಅಂತ ತಿಳಿದಾಗ ನಮಗೇ ಆಶ್ಚರ್ಯವಾಯಿತು.

ಅಕಿರಾ ಎಂಡೊ ಜಪಾನಿನ ಉತ್ತರ ಭಾಗದ ಅಕಿಟಾ ಸೀಮೆಯ ಒಂದು ರೈತ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಅಣಬೆ, ಬೂಷ್ಟುಗಳ ಮೇಲೆ ಆಸಕ್ತಿ. ಪೆನ್ಸಿಲಿನ್ ಬೂಷ್ಟಿನಿಂದ ಬಂದಿದೆ, ಕೊಲೆಸ್ಟ್ರಾಲ್ ತಡೆಯುವ ಬೂಷ್ಟೂ ಇರಬೇಕು ಅಂತ ಅವರ ಊಹೆ. 1971ರಿಂದ ಸುಮಾರು ಆರು ಸಾವಿರ ಬಗೆಯ ಬೂಷ್ಟು, ಶಿಲೀಂಧ್ರಗಳನ್ನು ಪರೀಕ್ಷಿಸಿದರು. 1973ರಲ್ಲಿ ಸಿಕ್ಕಿತು. ಕ್ಯೋಟೊ ನಗರದ ಒಂದು ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಷ್ಟು. ಅದರಲ್ಲಿದ್ದ ಅಂಶ ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನೇ ತಡೆಯುತ್ತಿತ್ತು.

ಅದನ್ನು ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ! ಕಂಪನಿಯಲ್ಲಿ ಕೆಲಸ ನಿಂತೇಹೋಗುವ ಸ್ಥಿತಿ ಬಂತು. ಆಗ ಎಂಡೊ ಬೇರೆ ದಾರಿ ಯೋಚಿಸಿದರು. ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಬಹಳ, ಹಾಗಾದರೆ ಮೊಟ್ಟೆಯಿಡುವ ಕೋಳಿಯ ರಕ್ತದಲ್ಲೂ ಬಹಳ ಇರಬೇಕು. ಕೋಳಿಗಳಿಗೆ ಕೊಟ್ಟರು. ಕೊಲೆಸ್ಟ್ರಾಲ್ ಅರ್ಧದಷ್ಟು ಇಳಿಯಿತು. ಆಮೇಲೆ ನಾಯಿ, ಕೋತಿ, ಕೊನೆಗೆ ಮನುಷ್ಯರು. ಇದೇ ಜಾತಿಯ ಮೊದಲ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು.

ನೋಡಿ, ಅರಿಶಿನದ ಅಂಶ ಇಲಿಯಲ್ಲಿ ಗೆದ್ದಿತ್ತು. ಮಾತ್ರೆ ಇಲಿಯಲ್ಲಿ ಸೋತಿತ್ತು. ಮನುಷ್ಯನಲ್ಲಿ ಲೆಕ್ಕ ತಿರುಗಿತು.

ರಕ್ತ ಪರೀಕ್ಷೆಯ ಅಂಕಿ ಇಳಿದರೆ ಸಾಲದು, ಪ್ರಾಣ ಉಳಿಯಬೇಕು. 1994ರಲ್ಲಿ ಉತ್ತರ ಯುರೋಪಿನ ದೇಶಗಳಿಂದ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಐದು ವರ್ಷಕ್ಕೂ ಹೆಚ್ಚು ಕಾಲ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ನೂರಕ್ಕೆ 30ರಷ್ಟು ಕಡಿಮೆಯಾಗಿತ್ತು. ಹೃದಯದ ಕಾಯಿಲೆ ಈಗಾಗಲೇ ಬಂದವರಿಗೆ ಯಾವ ಬೆಳ್ಳುಳ್ಳಿಯೂ ಯಾವ ಅರಿಶಿನವೂ ಇಂಥ ಪರೀಕ್ಷೆ ದಾಟಿಲ್ಲ.

ಟೊರಾಂಟೊದ ಬೆಂಡೆಕಾಯಿ

ಹಾಗಾದರೆ ಊಟಕ್ಕೆ ಬೆಲೆ ಇಲ್ಲವೇ? ಇದೆ. ಚೆನ್ನಾಗಿಯೇ ಇದೆ.

ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಎಂಬ ವೈದ್ಯರು ಒಂದೊಂದು ಪದಾರ್ಥದ ಹಿಂದೆ ಹೋಗುವುದನ್ನು ಬಿಟ್ಟು ಇಡೀ ತಟ್ಟೆಯನ್ನು ಬದಲಿಸಿ ನೋಡಿದರು. ಓಟ್ಸ್, ಬಾರ್ಲಿ, ಇಸಬ್‌ಗೋಲ್, ಸೋಯಾ, ಬಾದಾಮಿ, ಸಸ್ಯದಿಂದ ತೆಗೆದ ಸ್ಟೆರಾಲ್ ಬೆರೆಸಿದ ಬೆಣ್ಣೆಯಂಥ ಪದಾರ್ಥ. ತರಕಾರಿಗಳಲ್ಲಿ ಬೆಂಡೆಕಾಯಿ ಮತ್ತು ಬದನೆಕಾಯಿ. ಒಟ್ಟು 46 ಜನ, ಮೂರು ಗುಂಪು, ಒಂದು ತಿಂಗಳು. 2003ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಬರೀ ಕೊಬ್ಬು ಕಡಿಮೆ ಮಾಡಿದವರಲ್ಲಿ ಎಲ್‌ಡಿಎಲ್ ನೂರಕ್ಕೆ 8ರಷ್ಟು ಇಳಿಯಿತು. ಅದೇ ಊಟಕ್ಕೆ ಸ್ಟ್ಯಾಟಿನ್ ಸೇರಿಸಿದವರಲ್ಲಿ ಸುಮಾರು 31. ಈ ಹೊಸ ತಟ್ಟೆಯವರಲ್ಲಿ ಸುಮಾರು 29. ಮಾತ್ರೆಯ ಹತ್ತಿರಹತ್ತಿರಕ್ಕೆ ಬಂತು.

ಆದರೆ ಅವರಿಗೆ ಊಟವನ್ನು ಅಳೆದು ತೂಗಿ ಸಂಶೋಧಕರೇ ಕೊಟ್ಟಿದ್ದರು. 2011ರಲ್ಲಿ ಜನರಿಗೆ ಬರೀ ಸಲಹೆ ಕೊಟ್ಟು, ನೀವೇ ಮನೆಯಲ್ಲಿ ಮಾಡಿಕೊಳ್ಳಿ ಅಂತ ಬಿಟ್ಟು ಆರು ತಿಂಗಳು ನೋಡಿದರು. ಆಗ ಇಳಿದದ್ದು ನೂರಕ್ಕೆ ಸುಮಾರು 13. ಮದುವೆ, ಜಾತ್ರೆ, ನೆಂಟರ ಮನೆ ಎಲ್ಲ ಅಲ್ಲೂ ಇರುತ್ತದಲ್ಲ. ಅಷ್ಟಾದರೂ 13 ಕಡಿಮೆಯೇನಲ್ಲ.

ನಮ್ಮ ಊಟದ ಪದಾರ್ಥಗಳ ಬಗ್ಗೆಯೂ ಇಂಥ ಲೆಕ್ಕವಿದೆ. ಬೇಳೆಕಾಳಿನ ಮೇಲೆ ನಡೆದ 26 ಪರೀಕ್ಷೆಗಳನ್ನು ಒಟ್ಟು ಸೇರಿಸಿ 2014ರಲ್ಲಿ ನೋಡಿದಾಗ, ದಿನಕ್ಕೆ ಸುಮಾರು 130 ಗ್ರಾಂ ಬೆಂದ ಕಾಳು ತಿಂದರೆ ಎಲ್‌ಡಿಎಲ್ ನೂರಕ್ಕೆ 5ರಷ್ಟು ಇಳಿಯುತ್ತದೆ ಅಂತ ಕಂಡಿತು. ಅಂದರೆ ಒಂದು ಬಟ್ಟಲು ತುಂಬ ಕಾಳು. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆಯಲ್ಲ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು 2021ರಲ್ಲಿ ಸಿರಿಧಾನ್ಯದ ಬಗ್ಗೆ ನಡೆದ 19 ಅಧ್ಯಯನಗಳನ್ನು ಒಟ್ಟು ಮಾಡಿ, ಒಟ್ಟು ಕೊಲೆಸ್ಟ್ರಾಲ್ ನೂರಕ್ಕೆ 8ರಷ್ಟು ಇಳಿದಿದೆ ಅಂದರು. ಅವುಗಳಲ್ಲಿ ಹಲವು ಸಣ್ಣ ಅಧ್ಯಯನಗಳು ಅನ್ನುವುದನ್ನೂ ಗಮನದಲ್ಲಿಡಬೇಕು.

ಹುರುಳಿಕಾಳಿನ ಉಸಲಿ, ಅವರೆ, ಅಲಸಂದೆ, ಕಡಲೆ, ರಾಗಿ ಮುದ್ದೆ, ನವಣೆ, ಬೆಂಡೆಕಾಯಿ ಪಲ್ಯ. ಒಂದು ಕಾಲದಲ್ಲಿ ಹಳ್ಳಿಯ ತಟ್ಟೆಯ ಬಹುಪಾಲು ಇದೇ ಆಗಿತ್ತು. ಈಗ ತಟ್ಟೆಯಲ್ಲಿ ಪಾಲಿಶ್ ಮಾಡಿದ ಬಿಳಿ ಅನ್ನ ಗುಡ್ಡವಾಗಿ, ಕಾಳು ಪಕ್ಕಕ್ಕೆ ಸರಿದಿದೆ. ಸಂಜೆಗೆ ಬೋಂಡಾ, ಬೇಕರಿ ಪಫ್ ಬಂದಿದೆ. ಹೀಗಿರುವಾಗ ಒಂದು ಚಮಚ ಬೆಳ್ಳುಳ್ಳಿ ರಸ ಏನು ಮಾಡೀತು?

ಮುಖಾಮುಖಿ ನಿಲ್ಲಿಸಿದಾಗ

ಕೊನೆಗೆ 2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಎಲ್ಲವನ್ನೂ ಒಂದೇ ಕಣದಲ್ಲಿ ನಿಲ್ಲಿಸಿದರು. 190 ಜನ, 28 ದಿನ. ಒಂದು ಗುಂಪಿಗೆ ಕಡಿಮೆ ಪ್ರಮಾಣದ ಸ್ಟ್ಯಾಟಿನ್. ಉಳಿದ ಗುಂಪುಗಳಿಗೆ ಅಂಗಡಿಯಲ್ಲಿ ಸಿಗುವ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲುಗಳು. ಇನ್ನೊಂದಕ್ಕೆ ಉತ್ತುತ್ತು ಮಾತ್ರೆ. ಸ್ಟ್ಯಾಟಿನ್ ಗುಂಪಿನಲ್ಲಿ ಎಲ್‌ಡಿಎಲ್ ಸುಮಾರು 38ರಷ್ಟು ಇಳಿಯಿತು. ಉಳಿದ ಯಾವುದೂ ಉತ್ತುತ್ತು ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಿ ಸ್ವಲ್ಪ ಏರಿಯೇ ಇತ್ತು. 28 ದಿನ ಕಡಿಮೆಯಾಯಿತು ಅನ್ನಬಹುದು. ಮಾತ್ರೆ ಕೆಲಸ ಮಾಡಿದ್ದೂ ಅದೇ 28 ದಿನದಲ್ಲಿ.

ನಾವು ಕಲಿತದ್ದು

ಈ ಕಥೆಯನ್ನೆಲ್ಲ ಓದಿದ ಮೇಲೆ ಯಾವುದೇ ಮೆಸೇಜ್ ಬಂದರೂ ನಾವು ನಾಲ್ಕು ಪ್ರಶ್ನೆ ಕೇಳುತ್ತೇವೆ. ತಿಂದವರು ಯಾರು, ಇಲಿಯೋ ಮನುಷ್ಯನೋ? ಎಷ್ಟು ತಿಂದರು, ಚಿಟಿಕೆಯೋ ಹಿಡಿಯೋ? ಎಷ್ಟು ದಿನ ತಿಂದರು? ಯಾರ ಜೊತೆ ಹೋಲಿಸಿ ನೋಡಿದರು? ಈ ನಾಲ್ಕಕ್ಕೂ ಉತ್ತರವಿಲ್ಲದಿದ್ದರೆ ಆ ಮೆಸೇಜ್ ಮುಂದಕ್ಕೆ ಕಳುಹಿಸುವುದಿಲ್ಲ. ನೀವೂ ಕೇಳಿ ನೋಡಿ.

ಅಂಗಡಿಯಲ್ಲಿ ಕಡಲೆಕಾಯಿ ಎಣ್ಣೆಯ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಆದರೆ ತಾಳೆ ಎಣ್ಣೆ, ವನಸ್ಪತಿಯಂಥ ಗಟ್ಟಿ ಕೊಬ್ಬು ಹೆಚ್ಚಾದರೆ ನಮ್ಮ ಮೈಯೇ ರಕ್ತದಲ್ಲಿ ಅದನ್ನು ಏರಿಸುತ್ತದೆ. ಇದೂ ತಿಳಿದಿರಲಿ.

ಒಂದು ಎಚ್ಚರ. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತ ಆದವರು, ಲಕ್ವ ಹೊಡೆದವರು ಡಾಕ್ಟರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಬೇಡಿ. ಮಾತ್ರೆಯಿಂದ ಮೈಕೈ ನೋವು ಬಂದರೆ ಹೋಗಿ ಹೇಳಿ, ಬದಲಿಸಿ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮೆಂತ್ಯವನ್ನು ಒಮ್ಮೆಗೇ ಬಹಳ ತಿಂದರೆ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆಯವರು ಬೆಳ್ಳುಳ್ಳಿಯನ್ನು ಔಷಧಿಯಂತೆ ಹೆಚ್ಚು ತಿನ್ನುವ ಮೊದಲು ಕೇಳಿಕೊಳ್ಳಿ. ಸಾರಿಗೆ, ಚಟ್ನಿಗೆ ಹಾಕಿದ ಬೆಳ್ಳುಳ್ಳಿಯಿಂದ ಯಾವ ತೊಂದರೆಯೂ ಇಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಊಟದ ಬಗ್ಗೆ. ಒಂದು ಚಮಚದ ಬಗ್ಗೆ ಅಲ್ಲ. ನಮ್ಮ ಗೆಳೆಯರ ತಂದೆಗೆ ನಾವು ಕೊಟ್ಟ ಉತ್ತರವೂ ಅದೇ. ಹಿರಿಯರು ಸುಳ್ಳು ಹೇಳಲಿಲ್ಲ, ಅವರು ತಿಂದ ಹಾಗೆ ನಾವು ತಿನ್ನುತ್ತಿಲ್ಲ. ಮತ್ತೆ, ಕಾಯಿಲೆ ಬಂದಮೇಲೆ ಊಟ ಒಂದೇ ಸಾಲುವುದಿಲ್ಲ.

ಅವರು ಈಗ ರಾತ್ರಿ ಮಾತ್ರೆ ನುಂಗುತ್ತಾರೆ. ಮಧ್ಯಾಹ್ನ ಮುದ್ದೆ, ಒಂದು ಬಟ್ಟಲು ಹುರುಳಿಕಾಳು, ಸಿಕ್ಕಿದ ದಿನ ಬೆಂಡೆಕಾಯಿ. ಅನ್ನ ಅರ್ಧಕ್ಕೆ ಇಳಿದಿದೆ. ಒಗ್ಗರಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಇದ್ದೇ ಇರುತ್ತದೆ. ಅದು ಔಷಧಿಗೆ ಅಂತ ಅಲ್ಲ, ರುಚಿಗೆ. ಮುಂದಿನ ರಕ್ತ ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಈ ಸಲ ಅವರ ಜೊತೆ ನಾವೂ ಇಬ್ಬರು ಹೋಗುತ್ತಿದ್ದೇವೆ, ನಮ್ಮದೂ ಒಮ್ಮೆ ನೋಡಿಸಿಕೊಂಡು ಬರೋಣ ಅಂತ.